ಕಪ್ಪು ನಿಧಾನ ಕುಡಿಯುತ್ತದೆ

ಒಮ್ದುರ್ಮಾನಿನಲ್ಲಿ ಜೂನ್ ತಿಂಗಳ ನೀರಿಗೆ
ಒಲೆ ಬೇಕಿಲ್ಲ.
ನಲ್ಲಿ ತಿರುಗಿಸಿದರೆ ಜ್ವರದವರ ಮೈಬಿಸಿ.
ಆ ನೀರಲ್ಲಿ ಬೆರೆಸಿದ ಡೆವಲಪರಿಗೆ ಫಿಲ್ಮ್ ಹಾಕಿದರೆ
ಬಿಳಿಯೆಲ್ಲ ಹಾಲುಕ್ಕಿದಂತೆ ಉಕ್ಕಿ
ಒಲೆಯ ಪಾಲು.
ಅದಕ್ಕೇ ಐಸ್ ತರುವುದು ನನ್ನ ಕೆಲಸ:
ಗೋಣಿ ಸುತ್ತಿದ ಗಡ್ಡೆ, ಸೈಕಲ್ಲಿನ ಬೆನ್ನಿಗೆ,
ಕಾರ್ಖಾನೆಯಿಂದ ತಾಜುಸ್ಸಿರ್ ಮಾವನ ಸ್ಟುಡಿಯೋವರೆಗೆ
ಧೂಳಿನ ಮೇಲೆ ಹನಿಹನಿ ಗೆರೆ ಎಳೆಯುತ್ತ.
ದಾರಿಯಲ್ಲಿ ಚೆಂಡಾಟಕ್ಕೆ ನಿಂತ ದಿನ
ಬರೀ ಗೋಣಿ ತಲುಪುತ್ತಿತ್ತು.

ಸಿತ್ತಾನಾ ಅಜ್ಜಿ ಬಂದದ್ದು
ಬೇರೆ ಅಂಗಡಿಯ ಫೋಟೋ ಹಿಡಿದು.
ಬಿಳಿ ತೋಬ್ ಇದೆ, ಒಂದೊಂದು ನಿರಿಗೆಯೂ ಇದೆ,
ಸೆರಗಿನ ಕೆಳಗೆ, ಮುಖದ ಜಾಗದಲ್ಲಿ
ಬಾವಿಯ ಬಾಯಿ.
"ಇದು ನನ್ನ ಬಟ್ಟೆಯ ಫೋಟೋ.
ಒಳಗಿದ್ದ ನಾನೆಲ್ಲಿ?"
ಮಾವ ನಗಲಿಲ್ಲ. ಕೆಮ್ಮಿದ.
"ಬಣ್ಣದ್ದೇನಾದರೂ ಉಟ್ಟು ಬರುತ್ತೀರಾ, ಅಮ್ಮಾ?"
"ಬೇರೆ ಮುಖವನ್ನೂ ತರಲೇನು?"

ಸುಣ್ಣದ ಗೋಡೆ, ನಡುಹಗಲು, ಬಿಳಿ ತೋಬ್.
ಮೂರೂ ಸೇರಿ ಒಂದು ಮುಖದ ಮೇಲೆ ಬಿದ್ದಿದ್ದವು.
ಮೀಟರ್ ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಬೆಳಕನ್ನು
ಮಾವ ಒಳಗೆ ಬಿಟ್ಟ.
"ಬಟ್ಟೆಯ ಮಾತು ಕೇಳಿ ಬೀಗ ಹಾಕಬೇಡ,
ಕೆನ್ನೆ ಬರುವತನಕ ಬಾಗಿಲು ತೆರೆದಿರಲಿ.
ಹೆಚ್ಚಿಗೆ ನುಗ್ಗಿದವರನ್ನು
ಆಮೇಲೆ, ಕತ್ತಲಲ್ಲಿ, ವಿಚಾರಿಸೋಣ."

ಕತ್ತಲಲ್ಲಿ ಊರು ತಲೆಕೆಳಗು.
ಅಲ್ಲಿ ತೋಬೇ ಇದ್ದಿಲು, ಕೆನ್ನೆಯೇ ಗಾಜು.
ನನ್ನ ಕೈಯಲ್ಲಿ ಜಾರುವ ಫಿಲ್ಮು,
ಅವನ ಕೈಯಲ್ಲಿ ಮೂವತ್ತಮೂರು ಮಣಿಯ ಮಾಲೆ.
ಡೆವಲಪರಿನಲ್ಲಿ ಹನ್ನೊಂದು ಮಣಿ.
ಎತ್ತಿ, ಪಕ್ಕದ ಬರಿ ನೀರಲ್ಲಿ
ಇಡೀ ಮಾಲೆ.
ಮತ್ತೆ ಹನ್ನೊಂದು. ಮತ್ತೆ ನೀರು.

"ಅಲ್ಲಾಡಿಸಬೇಡ."
ಅಲ್ಲಾಡಿಸಿರಲಿಲ್ಲ. ಬೆರಳು ತುರಿಸುತ್ತಿದ್ದುದು
ಅವನಿಗೆ ಹೇಗೆ ಕೇಳಿಸಿತೋ.
"ಒಂದೇ ತಟ್ಟೆಗೆ ಕೈಹಾಕಿದ ಇಬ್ಬರು ಇವರು.
ಬಿಳಿ ನಿನ್ನ ಹಾಗೆ: ಗಬಗಬ,
ಬಾಯಲ್ಲಿದ್ದದ್ದು ಮುಗಿಸಿ ಸುತ್ತ ನೋಡುತ್ತದೆ.
ನೋಡಲಿ. ಬರಿ ನೀರಲ್ಲಿ ಸಿಗುವುದು ಬರಿ ನೀರೇ.
ಕಪ್ಪು ನಿನ್ನ ಅಮ್ಮನ ಹಾಗೆ,
ಕೊಟ್ಟ ಗುಟುಕನ್ನೇ ನಿಧಾನ ಕುಡಿಯುತ್ತದೆ,
ಮಾಲೆ ಮುಗಿದರೂ ಕುಡಿಯುತ್ತಲೇ ಇರುತ್ತದೆ.
ಈಗ ನೀನು ತಟ್ಟೆ ಅಲುಗಿಸಿದರೆ
ಉಂಡವನಿಗೇ ಮತ್ತೆ ಬಡಿಸಿದಂತೆ."

ನಾನು ಉಸಿರೂ ಅಲುಗಿಸಲಿಲ್ಲ.
ಐಸ್ ಕರಗಿ ಬಕೆಟ್ಟಿನಲ್ಲಿ ಒಮ್ಮೆ ಟಣ್ ಎಂದಿತು.
ಕತ್ತಲಲ್ಲಿ ಅಮ್ಮ ಉಣ್ಣುವುದನ್ನು ನೆನೆದೆ:
ನಾವೆಲ್ಲ ಕೈ ತೊಳೆದ ಮೇಲೆ,
ತಟ್ಟೆಯ ಅಂಚಿನಿಂದ, ಯಾರೂ ನೋಡದ ಹಾಗೆ.
ನಾನು ಎಂದೂ ನೋಡಿರಲಿಲ್ಲ, ಸರಿಯೇ.

ಶುಕ್ರವಾರ ಅಜ್ಜಿ ಫೋಟೋಕ್ಕೆ ಬಂದಳು.
ಬಾಗಿಲ ಬೆಳಕಿಗೆ ಹಿಡಿದಳು, ದೂರ, ಹತ್ತಿರ, ಮತ್ತೆ ದೂರ.
ಬಾವಿಯ ಒಳಗಿಂದ ಯಾರೋ ಮೇಲೆ ಬಂದಿದ್ದರು:
ಕೆನ್ನೆಗೆ ಮೂರು ಮೂರು ಗೆರೆ,
ಕೆಳತುಟಿಯ ಕೆಳಗೆ ಕಡಲೆಕಾಳಿನಷ್ಟು ಗುಳಿ,
ಸಿಟ್ಟೋ ನಗುವೋ ಇನ್ನೂ ನಿರ್ಧಾರವಾಗದ ಕಣ್ಣು.

"ತೋಬ್ ಮಾಸಿದೆ" ಎಂದಳು.
"ನೀಲಿ ಹಾಕಿ ಒಗೆದದ್ದು, ಗೊತ್ತೇ ನಿನಗೆ?
ಬೂದಿಯಲ್ಲಿ ಹೊರಳಿದವಳ ಹಾಗೆ ಮಾಡಿದ್ದೀಯೆ."
ಮಾವ ಏನೋ ಹೇಳಹೊರಟ.
ಅಷ್ಟರಲ್ಲಿ ಅವಳ ಬೆರಳು ಫೋಟೋದ ಎಡಗೆನ್ನೆಯ ಮೇಲೆ,
ಮೂರನೆಯ ಗೆರೆಯ ಮೇಲೆ.
"ಇದು ಸೊಟ್ಟ. ಕೊಯ್ಯುವಾಗ ಮುಖ ತಿರುಗಿಸಿದ್ದೆ.
ಏಳು ವರ್ಷ ನನಗೆ.
ಅಲ್ಲಾಡಬೇಡ ಅಂತ ಎಲ್ಲರೂ ಹೇಳಿದ್ದರು."

ಮುಖದ ದುಡ್ಡು ಎಣಿಸಿ ಕೊಟ್ಟಳು.
ಬಟ್ಟೆಯದು ಕೊಡಲಿಲ್ಲ.

ಅವಳು ಹೋದ ಮೇಲೆ ಮಾವ ಮಾಲೆ ತೆಗೆದು
ಹನ್ನೊಂದನೆಯ ಮಣಿಯ ದಾರ ಬಿಚ್ಚಿ
ಹದಿಮೂರರ ಹತ್ತಿರ ಕಟ್ಟಿದ.
"ನಾಳೆ ಐಸ್ ಬೇಗ ತಾ" ಎಂದ,
"ಚೆಂಡು ಆಮೇಲೆ."